ಆರು ಬಿಲ್ಲೆಯ ಕ್ಲಚ್ ಪ್ಲೇಟು

ಬೇಲೂರು
12 ಜೂನ್ 2024

ಅರಸೀಕೆರೆಯ ಕ್ಲಚ್ ವರ್ಕ್ಸ್ ಮಾಲೀಕರಾದ ರೇವಣಸಿದ್ದಪ್ಪನವರಿಗೆ ಶರಣು.

ನಾನು ಬೇಲೂರಿನ ಉಮಾಶಂಕರ್, ಕೊಬ್ಬರಿ ವ್ಯಾಪಾರದವರ ಮಗ. ಎಂಟು ವರ್ಷದ ಹಿಂದೆ ನಿಮ್ಮ ಮಗಳು ಮೇಘಶ್ರೀಯನ್ನು ನೋಡಲು ಮನೆಯವರ ಜೊತೆ ಬಂದಿದ್ದೆ. ಒಪ್ಪಿ, ವೀಳ್ಯದೆಲೆಯನ್ನೂ ಬದಲಾಯಿಸಿಕೊಂಡ ಮೇಲೆ ಜಾತಕ ಕೂಡಲಿಲ್ಲವೆಂದು ಹೇಳಿ ಕಳಿಸಬೇಕಾಯಿತು. ಋಣಾನುಬಂಧ ಇಲ್ಲದ್ದಕ್ಕೆ ಯಾರಿಂದ ಏನು ಮಾಡಲಾಗುತ್ತದೆ? ಅದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳದೆ ಈ ಪತ್ರ ಓದಬೇಕು.

ನನ್ನ ಹತ್ತಿರ ಒಂದು ಹಳೆಯ ಡೀಸೆಲ್ ಕಾರಿದೆ. ಅದರ ಟರ್ಬೋ ಬದಲಾಯಿಸಿ, ಎಂಜಿನ್ನನ್ನು ಟ್ಯೂನ್ ಮಾಡಿಸಿದ್ದೇನೆ. ಕಂಪನಿಯವರು ಕೊಟ್ಟ ಎಳೆತದ ಒಂದೂವರೆ ಪಟ್ಟು ಈಗಿದೆ. ಆದರೆ ಮೂರನೇ ಗೇರಿನಲ್ಲಿ ಒತ್ತಿದರೆ ಎಂಜಿನ್ ಕೂಗುತ್ತದೆ, ಗಾಡಿ ಹೋಗುವುದಿಲ್ಲ. ಬೆಂಗಳೂರಿನಿಂದ ತರಿಸಿದ ‘ರೇಸಿಂಗ್’ ಕ್ಲಚ್ ಎರಡೇ ತಿಂಗಳಿಗೆ ಸುಟ್ಟು ಕರಿ ಹಿಡಿಯಿತು. ಡಿಸೆಂಬರಿನಲ್ಲಿ ಬೆಂಗಳೂರಿನಾಚೆ ಒಂದು ರನ್‌ವೇ ಮೇಲೆ ಡ್ರ್ಯಾಗ್ ರೇಸು ನಡೆಯಲಿದೆ. ಕಾಲು ಮೈಲಿ, ನೆಟ್ಟಗೆ. ಹೋದ ವರ್ಷ ಅಲ್ಲಿ ಗೆದ್ದ ಗಾಡಿಯವನು, ‘ಪ್ಲೇಟು ಅರಸೀಕೆರೆಯಲ್ಲಿ ಕಟ್ಸಿದ್ದು ಕಣ್ರೀ’ ಎಂದಾಗ ನನಗೆ ನಂಬಲಾಗಲಿಲ್ಲ.

ನಮ್ಮ ಸೋದರಮಾವ ಶಶಿಧರ್ ಈ ಸಲ ಮನೆಯವರನ್ನೆಲ್ಲ ಕರೆದುಕೊಂಡು ನೋಡಲು ಬರುತ್ತಾರಂತೆ. ನಾನು ಗೆಲ್ಲಲೇಬೇಕು. ದಿನವೂ ಓಡಾಡುವುದೂ ಇದೇ ಕಾರಿನಲ್ಲಾದ್ದರಿಂದ ರಸ್ತೆಗೂ ಆಗಬೇಕು, ರೇಸಿಗೂ ಆಗಬೇಕು. ಅಂಗಡಿಗೆ ಫೋನ್ ಮಾಡಿದರೆ ಯಾರೋ ಹೆಂಗಸು, ‘ಬರ್ದು ಕಳ್ಸಿ. ಬಾಯಲ್ಲಿ ಹೇಳಿದ್ದಕ್ಕೆ ಇಲ್ಲಿ ಪ್ಲೇಟ್ ಕಟ್ಟಲ್ಲ’ ಎಂದು ಇಟ್ಟುಬಿಟ್ಟರು. ಅದಕ್ಕೆ ಕಾಗದ.

ನಿಮ್ಮ ವಿಶ್ವಾಸಿ,
ಉಮಾಶಂಕರ್


ಅರಸೀಕೆರೆ
20 ಜೂನ್ 2024

ಉಮಾಶಂಕರ್ ಅವರಿಗೆ ಶರಣು.

ಕಾಗದ ಮುಟ್ಟಿತು. ನೀವು ಬಂದದ್ದು ನೆನಪಿದೆ. ಅವತ್ತಿನ ಕೇಸರಿಬಾತಿಗೆ ದ್ರಾಕ್ಷಿ ಸಾಲದೆ ಪಕ್ಕದ ಮನೆಯಿಂದ ತಂದದ್ದೂ ನೆನಪಿದೆ.

ಬರೆದು ಕೊಡಬೇಕೆನ್ನುವುದು ಈ ಅಂಗಡಿಯ ಮೂವತ್ತು ವರ್ಷದ ನಿಯಮ. ಬಾಯಲ್ಲಿ ಹೇಳಿದವರು ಪ್ಲೇಟು ಹಾಳಾದ ಮೇಲೆ ‘ನಾನು ಹಂಗಂದೇ ಇಲ್ಲ’ ಎನ್ನುತ್ತಾರೆ. ಆದ್ದರಿಂದ ಲಾರಿಯವರಾಗಲಿ, ಟ್ರ್ಯಾಕ್ಟರಿನವರಾಗಲಿ, ಗಾಡಿಯ ದೋಷವನ್ನೂ ಗಾಡಿ ಓಡಿಸುವವರ ದೋಷವನ್ನೂ ಸ್ವಂತ ಕೈಯಲ್ಲಿ ಬರೆದು ಸಹಿ ಹಾಕಬೇಕು. ಆ ಕಾಗದವನ್ನು ಗೋಡೆಯ ತಂತಿಗೆ ಚುಚ್ಚಿಡುತ್ತೇವೆ. ಅಕ್ಷರ ಬರದವರು ಮಕ್ಕಳ ಕೈಯಲ್ಲಿ ಬರೆಸಿ ಹೆಬ್ಬೆಟ್ಟು ಒತ್ತುತ್ತಾರೆ. ಸುಳ್ಳು ಬರೆದರೆ ಪ್ಲೇಟು ಕಟ್ಟುವುದಿಲ್ಲ. ಸುಳ್ಳು ಬರೆದದ್ದು ಹಳೆಯ ಪ್ಲೇಟು ನೋಡಿದರೇ ಗೊತ್ತಾಗುತ್ತದೆ.

ರಸ್ತೆಗೂ ಆಗಬೇಕು, ರೇಸಿಗೂ ಆಗಬೇಕು ಎನ್ನುತ್ತೀರಿ. ಅಕ್ಕಿಯ ಮೇಲೂ ಆಸೆ, ನೆಂಟರ ಮೇಲೂ ಪ್ರೀತಿ. ಇರಲಿ, ಎರಡಕ್ಕೂ ಒಗ್ಗುವ ಹಾದಿ ಇಲ್ಲದಿಲ್ಲ. ತಿಂಗಳಿಗೆ ಎಷ್ಟು ದಿನ ರಸ್ತೆ, ಎಷ್ಟು ದಿನ ರೇಸು? ಗೇರು ಬದಲಾಯಿಸಿದ ಮೇಲೆ ಎಡಗಾಲನ್ನು ಪೆಡಲಿನಿಂದ ತೆಗೆಯುತ್ತೀರೋ, ಅಲ್ಲೇ ಒರಗಿಸಿಡುತ್ತೀರೋ? ನಿಂತಲ್ಲಿಂದ ಬಿಡುವಾಗ ಎಂಜಿನ್ನನ್ನು ಎಷ್ಟು ಕೂಗಿಸುತ್ತೀರಿ? ಸುಟ್ಟ ಪ್ಲೇಟನ್ನು ಬಸ್ ಪಾರ್ಸಲಿನಲ್ಲಿ ಹಾಕಿ, ಇದನ್ನೆಲ್ಲ ಬರೆದು ಕಳಿಸಿ.

ಇತಿ,
ರೇವಣಸಿದ್ದಪ್ಪ


ಬೇಲೂರು
2 ಜುಲೈ 2024

ರೇವಣಸಿದ್ದಪ್ಪನವರಿಗೆ ಶರಣು.

ನಿಮ್ಮ ಅಕ್ಷರ ಈ ವಯಸ್ಸಿನಲ್ಲೂ ಮುತ್ತು ಪೋಣಿಸಿದ ಹಾಗಿದೆ. ನನ್ನದನ್ನು ಸಹಿಸಿಕೊಂಡು ಓದಿ.

ಪ್ಲೇಟು ಕಳಿಸಿದ್ದೇನೆ. ನಿಜ ಹೇಳಬೇಕೆಂದರೆ ಗಾಡಿ ಓಡುವುದೆಲ್ಲ ರಸ್ತೆಯ ಮೇಲೆಯೇ. ಬೇಲೂರಿನಿಂದ ಹಳೇಬೀಡು, ಜಾವಗಲ್, ಹಾಸನ. ರೇಸೆಂದರೆ ವರ್ಷಕ್ಕೆ ಎರಡು ದಿನ, ಅಷ್ಟೆ. ಎಡಗಾಲು ಪೆಡಲಿನ ಮೇಲೆಯೇ ಇರುತ್ತದೆ. ಇದನ್ನು ಬರೆಯಲು ನಾಚಿಕೆಯಾಯಿತು, ಆದರೆ ನಿಯಮವೆಂದಿರಿ.

ನಮ್ಮ ಹುಡುಗರೆಲ್ಲ ಆರು ಬಿಲ್ಲೆಯ ಪ್ಲೇಟನ್ನೇ ಹಾಕಿಸು ಎನ್ನುತ್ತಾರೆ. ಸುತ್ತಲೂ ಉಜ್ಜುವ ಲೈನಿಂಗ್ ಪಟ್ಟಿ ಇರುವುದಿಲ್ಲ, ಹೂವಿನ ಎಸಳಿನಂತೆ ಆರು ಕಡೆ ಮಾತ್ರ ಸೆರಾಮಿಕ್ ಬಿಲ್ಲೆ. ಹಿಡಿದರೆ ಉಡ ಹಿಡಿದ ಹಾಗಂತೆ. ಜಾರುವ ಮಾತೇ ಇಲ್ಲವಂತೆ. ನನಗೆ ಬೇಕಾದ್ದು ಅದೇ. ಇನ್ನೊಂದು ಸಲ ನನ್ನ ಗಾಡಿ ಜಾರಬಾರದು.

ನಿಮ್ಮ ವಿಶ್ವಾಸಿ,
ಉಮಾಶಂಕರ್


ಅರಸೀಕೆರೆ
9 ಜುಲೈ 2024

ಉಮಾಶಂಕರ್ ಅವರಿಗೆ ಶರಣು.

ಪ್ಲೇಟು ನೋಡಿದೆ. ನೀವು ಬರೆದದ್ದು ನಿಜ. ಇದನ್ನು ಸುಟ್ಟದ್ದು ಎಂಜಿನ್ನಲ್ಲ, ನಿಮ್ಮ ಎಡಗಾಲು.

ಆರು ಬಿಲ್ಲೆಯ ಪ್ಲೇಟಿಗೆ ಗೊತ್ತಿರುವುದು ಎರಡೇ ಕೆಲಸ: ಹಿಡಿಯುವುದು, ಬಿಡುವುದು. ನಡುವಿನ ನಯ ಅದಕ್ಕೆ ತಿಳಿಯದು. ಬೇಲೂರಿನ ದೇವಸ್ಥಾನದ ಬೀದಿಯಲ್ಲಿ ಪ್ರವಾಸಿಗಳ ಬಸ್ಸಿನ ಹಿಂದೆ ಅರ್ಧ ಗಂಟೆ ತೆವಳಿದರೆ ನಿಮಗೇ ಗೊತ್ತಾಗುತ್ತದೆ. ಅದನ್ನು ಅದುಮಿ ಹಿಡಿಯಲು ತಕ್ಕ ಗಟ್ಟಿ ಪ್ರೆಷರ್ ಪ್ಲೇಟು ಹಾಕಿದರೆ ಪೆಡಲನ್ನು ಒತ್ತಿ ಒತ್ತಿ ಮೊಣಕಾಲು ಹೋಗುತ್ತದೆ.

ನನ್ನ ಸಲಹೆ ಕೇಳಿ. ಸುತ್ತಲೂ ತುಂಬು ಲೈನಿಂಗ್ ಇರುವ ಪ್ಲೇಟೇ ಇರಲಿ, ಆದರೆ ಲೈನಿಂಗ್ ಮಾತ್ರ ಗಟ್ಟಿ ನಾರಿನದು. ನಡುವೆ ಒದೆತ ತಡೆಯುವ ಸ್ಪ್ರಿಂಗುಗಳು ಇರಲೇಬೇಕು. ಪ್ರೆಷರ್ ಪ್ಲೇಟು ಈಗಿನದಕ್ಕಿಂತ ಕಾಲು ಭಾಗ ಗಟ್ಟಿ, ಅದಕ್ಕಿಂತ ಹೆಚ್ಚು ಬೇಡ. ಹೋದ ವರ್ಷ ಗೆದ್ದ ಗಾಡಿಗೆ ಕಟ್ಟಿದ್ದೂ ಇದನ್ನೇ.

ಜಾರುವುದು ಬರೀ ರೋಗವಲ್ಲ, ಅದು ಕ್ಲಚ್ಚಿನ ಗುಣವೂ ಹೌದು. ಎಂಜಿನ್ ಒಮ್ಮೆಗೇ ಒದ್ದಾಗ ಯಾರಾದರೊಬ್ಬರು ತಗ್ಗಬೇಕು. ಕ್ಲಚ್ ತಗ್ಗಿದರೆ ಒಂದಿಷ್ಟು ಹೊಗೆ ಬಂದು ಮುಗಿಯುತ್ತದೆ. ಕ್ಲಚ್ ತಗ್ಗದಿದ್ದರೆ ಟೈರು ಜಾರಬೇಕು. ರೇಸಿಗೆಂದು ಅಂಟು ಟೈರು ಹಾಕಿ ಅದನ್ನೂ ಬಿಗಿ ಮಾಡಿದರೆ ಗೇರ್‌ಬಾಕ್ಸಿನ ಹಲ್ಲು ಉದುರುತ್ತದೆ. ನಮ್ಮ ಅಂಗಡಿಯಲ್ಲಿ ಸಲಹೆಯನ್ನು ಎಲ್ಲರಿಗೂ ಒಂದು ಸಲ ಹೇಳುತ್ತೇವೆ. ನಮ್ಮವರೆನಿಸಿದವರಿಗೆ ಎರಡನೇ ಸಲ ಹೇಳುತ್ತೇವೆ. ಇದು ಮೊದಲನೆಯದು.

ಇನ್ನೊಂದು ವಿಷಯ. ಗಾಡಿ ಓಡಿಸುವವರ ದೋಷವನ್ನೂ ಬರೆಯಬೇಕೆಂದಿದ್ದೆ. ನೀವು ಒಂದನ್ನು ಬಿಟ್ಟಿದ್ದೀರಿ. ನನ್ನ ಮಗಳನ್ನು ಒಪ್ಪಿ, ಆಮೇಲೆ ಏಕೆ ಬಿಟ್ಟಿರಿ? ಜಾತಕ ಕೂಡಲಿಲ್ಲ ಎನ್ನಬೇಡಿ. ಕೂಡುತ್ತದೆಂದು ಬರೆದುಕೊಟ್ಟ ಶಾಸ್ತ್ರಿಗಳು ನಿಮ್ಮ ಕಡೆಯವರೇ. ಅದನ್ನು ಇದ್ದ ಹಾಗೆ ಬರೆದು ಕಳಿಸಿ. ಆ ಕಾಗದ ಬಂದ ದಿನ ನಿಮ್ಮ ಪ್ಲೇಟಿನ ಕೆಲಸ ಶುರುವಾಗುತ್ತದೆ. ನನಗೆ ವಯಸ್ಸಾಯಿತು, ಇದೊಂದು ತಿಳಿದರೆ ಸಾಕು.

ಇತಿ,
ರೇವಣಸಿದ್ದಪ್ಪ


ಬೇಲೂರು
5 ಆಗಸ್ಟ್ 2024

ರೇವಣಸಿದ್ದಪ್ಪನವರಿಗೆ ಶರಣು.

ನಾಲ್ಕು ವಾರ ಯೋಚಿಸಿದೆ. ಹಾಸನ, ತಿಪಟೂರು, ತುಮಕೂರು ಎಲ್ಲ ಕಡೆ ವಿಚಾರಿಸಿದೆ. ಎಲ್ಲರೂ ನಿಮ್ಮ ಅಂಗಡಿಯನ್ನೇ ತೋರಿಸುತ್ತಾರೆ. ಬರೆಯುತ್ತೇನೆ. ನೀವು ದೊಡ್ಡವರು, ತಪ್ಪು ತಿಳಿಯಬೇಡಿ. ನಿಮ್ಮ ಮಗಳಿಗೆ ತೋರಿಸಬೇಡಿ.

ಹುಡುಗಿ ಲಕ್ಷಣವಾಗಿದ್ದಳು. ನನಗೆ ಒಪ್ಪಿಗೆಯೇ ಆಗಿತ್ತು. ತಾಂಬೂಲ ಮುಗಿದ ಮೇಲೆ ಕಾಫಿ ತಂದು ಕೊಡುತ್ತ, ಎಲ್ಲರೆದುರಿಗೆ ಅವಳು ನನಗೆ ಹೇಳಿದ ಮೊದಲನೇ ಮಾತು ಯಾವುದು ಗೊತ್ತೇ? ‘ನಿಮ್ ಗಾಡಿ ಕ್ಲಚ್ ಜಾರ್ತಾ ಐತೆ. ದಿಬ್ಬ ಹತ್ತೋವಾಗ ಎಂಜಿನ್ ಕೂಗ್ತು, ಗಾಡಿ ಬರ್ಲಿಲ್ಲ. ವಾಪಸ್ ಹೋಗೋವಾಗ ನಿಧಾನಕ್ಕೆ ಹೋಗಿ.’ ಆ ಗಾಡಿಯನ್ನು ಕೊಂಡು ಆಗ ಒಂದೂವರೆ ತಿಂಗಳು. ಶಶಿಧರ್ ಮಾವ ತೊಡೆ ತಟ್ಟಿಕೊಂಡು, ‘ಏನ್ಲಾ, ನೀನು ಹುಡ್ಗಿ ನೋಡೋಕ್ ಬಂದ್ರೆ ಹುಡ್ಗೀನೇ ನಿನ್ ಗಾಡಿ ನೋಡ್ಬುಟ್ಳಲ್ಲೋ!’ ಎಂದರು. ಇಪ್ಪತ್ತು ಜನ ನಕ್ಕರು. ನೀವೂ ನಕ್ಕಿರಿ.

ವಾಪಸ್ಸು ಬರುವಾಗ ಜಾವಗಲ್ ದಾಟಿ ಗಾಡಿ ನಿಂತೇಹೋಯಿತು. ಅವಳು ಹೇಳಿದ್ದು ಸುಳ್ಳಾಗಿದ್ದರೆ ನಾನು ಮರೆಯುತ್ತಿದ್ದೆನೋ ಏನೋ. ನಿಜವಾದದ್ದೇ ಉರಿಯಿತು. ಇವತ್ತಿಗೂ ಮಾವ ನನ್ನನ್ನು ಸ್ಲಿಪ್ಪು ಶಂಕ್ರ ಎಂದೇ ಕರೆಯುವುದು. ಒಂದು ಸಲ ದಿಬ್ಬ ಹತ್ತಿದ್ದಕ್ಕೆ ಗಾಡಿಯ ಹುಳುಕು ಹೇಳಿದವಳು, ಸಂಸಾರ ಮಾಡಿದ ಮೇಲೆ ನನ್ನದೇನೇನು ಹೇಳಬಹುದೆಂದು ಭಯವಾಯಿತು.

ನಿಮಗೆ ಜಾತಕವೆಂದು ಹೇಳಿ ಕಳಿಸಿದೆವು. ಆದರೆ ಜನ ಬಿಡಬೇಕಲ್ಲ. ಎಲೆ ಬದಲಾಯಿಸಿ ಬಿಟ್ಟರೆ ಗಂಡಿನ ಕಡೆಗೇ ಕೆಟ್ಟ ಮಾತು ಬರುತ್ತದೆ. ಅದಕ್ಕೆ ಹುಡುಗಿಗೆ ಮೂರ್ಛೆರೋಗ ಇದೆ ಎಂದು ನಾನೇ ನಮ್ಮವರ ಕಿವಿಗೆ ಹಾಕಿದೆ. ಕಾಫಿ ಕೊಡುವಾಗ ಕೈ ಸೆಟೆದುಕೊಂಡಿತು, ಕಣ್ಣುಗುಡ್ಡೆ ಮೇಲೆ ಹೋಯಿತು ಎಂದೆ. ವಾರ ತುಂಬುವುದರೊಳಗೆ ಬಾಣಾವರದ ತನಕ ಸುದ್ದಿ ಮುಟ್ಟಿತು. ಅವಳಿಗೆ ಅಂಥದ್ದೇನೂ ಇಲ್ಲವೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಬೇರೆ ಏನು ಹೇಳಿದ್ದರೂ ಜನ ನಂಬುತ್ತಿರಲಿಲ್ಲ. ಇಷ್ಟೇ ನಡೆದದ್ದು.

ಪ್ಲೇಟಿನ ವಿಷಯಕ್ಕೆ ಬರುತ್ತೇನೆ. ನಿಮ್ಮ ಸಲಹೆ ಓದಿದೆ. ಆದರೂ ನನಗೆ ಆರು ಬಿಲ್ಲೆಯದೇ ಬೇಕು. ನಡುವೆ ಸ್ಪ್ರಿಂಗು ಬೇಡ, ಪ್ರೆಷರ್ ಪ್ಲೇಟು ಇರುವುದರಲ್ಲೇ ಅತಿ ಗಟ್ಟಿಯದು ಇರಲಿ. ಅದರಿಂದ ಏನಾದರೂ ತೊಂದರೆ ಇದ್ದರೆ ಇನ್ನೊಂದು ಸಲ ತಿಳಿಸಿ, ಯೋಚಿಸುತ್ತೇನೆ.

ನಿಮ್ಮ ವಿಶ್ವಾಸಿ,
ಉಮಾಶಂಕರ್


ಅರಸೀಕೆರೆ
28 ಆಗಸ್ಟ್ 2024

ಉಮಾಶಂಕರ್ ಅವರಿಗೆ ಶರಣು.

ನೀವು ಬರೆದು ಕೊಟ್ಟ ಹಾಗೆಯೇ ಕಟ್ಟಿದೆ. ಆರು ಬಿಲ್ಲೆ, ಸ್ಪ್ರಿಂಗಿಲ್ಲ, ಅತಿ ಗಟ್ಟಿ ಪ್ರೆಷರ್ ಪ್ಲೇಟು. ರಿವೆಟ್ಟುಗಳನ್ನು ಒಂದೊಂದಾಗಿ ಮೂರು ಸಲ ನೋಡಿದ್ದೇನೆ. ಕೆಲಸದಲ್ಲಿ ಕೊರತೆ ಇಲ್ಲ.

ಹೊಸ ಪ್ಲೇಟನ್ನು ಆರುನೂರು ಕಿಲೋಮೀಟರು ಪಳಗಿಸಬೇಕು. ಈ ಕಡೆಯ ಲಾರಿಯವರು ಕೊಬ್ಬರಿ ಹರಾಜಿನ ದಿನ ಮಾರುಕಟ್ಟೆಯ ಮುಂದಿನ ಸಾಲಿನಲ್ಲಿ ನಿಂತು ಹೊರಟು, ನಿಂತು ಹೊರಟು ಪಳಗಿಸುತ್ತಾರೆ. ನೀವೂ ಬನ್ನಿ. ನಿಮ್ಮ ವ್ಯಾಪಾರವೂ ಅದೇ ತಾನೆ.

ತೊಂದರೆಯ ವಿಷಯವನ್ನು ಒಂದು ಸಲ ಬರೆದಾಗಿದೆ.

ಇತಿ,
ರೇವಣಸಿದ್ದಪ್ಪ


ಬೇಲೂರು
19 ಅಕ್ಟೋಬರ್ 2024

ರೇವಣಸಿದ್ದಪ್ಪನವರಿಗೆ ಶರಣು.

ಹಿಡಿತವೆಂದರೆ ಇದು! ನಾಲ್ಕನೇ ಗೇರಿನಲ್ಲಿ ಒತ್ತಿದರೂ ಕೂದಲೆಳೆಯಷ್ಟು ಜಾರುವುದಿಲ್ಲ. ನೀವು ಹೇಳಿದಂತೆ ಹರಾಜಿನ ದಿನಗಳಲ್ಲಿ ನಾಲ್ಕು ಸಲ ಅರಸೀಕೆರೆಗೆ ಬಂದೆ. ಕೊನೆಯ ಸಲ ಅಂಗಡಿಗೂ ಬಂದಿದ್ದೆ. ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಪ್ಲೇಟು ಉಜ್ಜುತ್ತಿದ್ದ ಕೆಲಸದ ಹೆಂಗಸು ‘ಅಪ್ಪಾರು ಮಲಗವ್ರೆ’ ಎಂದಳು. ಎಬ್ಬಿಸುವುದು ಬೇಡವೆಂದು ಬಂದುಬಿಟ್ಟೆ. ಎಡ ಮೊಣಕಾಲಿಗೆ ಬೆಲ್ಟ್ ಕಟ್ಟಿಕೊಂಡಿದ್ದೇನೆ, ಅದೊಂದು ಬಿಟ್ಟರೆ ಎಲ್ಲ ಸರಿ.

ಇನ್ನೊಂದು ಸಂತೋಷದ ಸುದ್ದಿ. ಗೆಂಡೆಹಳ್ಳಿಯ ಶಿವಕುಮಾರ್ ಅವರ ಮಗಳು ಹೇಮಾಶ್ರೀಯ ಜೊತೆ ನನಗೆ ಮದುವೆ ಗೊತ್ತಾಗಿದೆ, ಫೆಬ್ರವರಿಯಲ್ಲಿ ಲಗ್ನ. ಶಿವಕುಮಾರ್ ಅವರ ಟ್ರ್ಯಾಕ್ಟರಿನ ಪ್ಲೇಟು ಕಟ್ಟುವುದೂ ನೀವೇ ಅಂತೆ. ಹುಡುಗಿ ಹಳೇಬೀಡಿನಲ್ಲಿ ಚಿಕ್ಕ ಮಕ್ಕಳ ಶಾಲೆಯ ಟೀಚರು. ಮೊನ್ನೆ ಇಬ್ಬರೂ ಹುಲಿಕೆರೆಯ ಕೊಳ ನೋಡಲು ಹೋಗಿದ್ದೆವು. ದಾರಿಯಲ್ಲಿ ಗಾಡಿ ಆರು ಸಲ ಜಗ್ಗಿ ಆಫ್ ಆಯಿತು. ಒಂದು ಸಲ ಅವಳ ಹಣೆ ಮುಂದಕ್ಕೆ ಹೋಗಿ ಬಡಿಯಿತು. ಆದರೂ ಹುಡುಗಿ ಒಂದು ಮಾತಾಡಲಿಲ್ಲ. ಕೊಳದ ಮೆಟ್ಟಿಲ ಮೇಲೆ ಕೂತು ನೀರನ್ನೇ ನೋಡುತ್ತಿದ್ದಳು. ಇಂಥವಳೇ ನನಗೆ ಬೇಕಾಗಿದ್ದದ್ದು.

ರೇಸಿಗೆ ಅಂಟು ಟೈರು ತರಿಸಿದ್ದೇನೆ. ಆಶೀರ್ವಾದ ಮಾಡಿ.

ನಿಮ್ಮ ವಿಶ್ವಾಸಿ,
ಉಮಾಶಂಕರ್


ಬೇಲೂರು
23 ಡಿಸೆಂಬರ್ 2024

ರೇವಣಸಿದ್ದಪ್ಪನವರಿಗೆ,

ನನ್ನನ್ನು ಹಾಳು ಮಾಡಿಬಿಟ್ಟಿರಿ. ಹಸಿರು ದೀಪ ಬಿತ್ತು, ಕಾಲು ತೆಗೆದೆ, ಪಟಾಕಿ ಹೊಡೆದ ಹಾಗೆ ಶಬ್ದವಾಯಿತು. ಗಾಡಿ ಒಂದು ಮಾರು ಮುಂದೆ ಹೋಗಿ ಕೂತುಬಿಟ್ಟಿತು. ಗೇರ್‌ಬಾಕ್ಸಿನ ಹೊಟ್ಟೆ ಒಡೆದು ಎಣ್ಣೆಯೆಲ್ಲ ರನ್‌ವೇ ಮೇಲೆ ಹರಿಯಿತು. ಒಂದನೇ ಗೇರಿನ ಹಲ್ಲು ಒಂದೂ ಉಳಿದಿಲ್ಲ. ಪಕ್ಕದ ಗಾಡಿಯವನು ಗೆದ್ದು, ತಿರುಗಿಸಿಕೊಂಡು ವಾಪಸ್ಸು ಬಂದಾಗಲೂ ನಾನು ಗೆರೆಯ ಮೇಲೆಯೇ ಇದ್ದೆ. ನಾಲ್ಕು ಜನ ತಳ್ಳಿಕೊಂಡು ಹೋದರು. ಶಶಿಧರ್ ಮಾವ ಎಲ್ಲರಿಗೂ ಕೇಳುವ ಹಾಗೆ, ‘ಜಾರ್ತಿದ್ದಾಗ್ಲೇ ವಾಸಿ ಇತ್ತು ಕಣೋ ಶಂಕ್ರ, ಮನೆ ತಂಕ ಆದ್ರೂ ಬತ್ತಿತ್ತು’ ಎಂದರು. ಭಾವೀ ಮಾವನವರೂ ಅಲ್ಲೇ ಇದ್ದರು. ಅವರೂ ನಕ್ಕರು.

ಇದು ನಿಮ್ಮ ಪ್ಲೇಟಿನ ದೋಷವೆಂದು ಊರಿಗೆಲ್ಲ ಹೇಳಬಹುದು. ಹೇಳುವುದಿಲ್ಲ. ಏಪ್ರಿಲಿನಲ್ಲಿ ಇನ್ನೊಂದು ರೇಸಿದೆ. ನೀವು ಮೊದಲು ಹೇಳಿದ ತುಂಬು ಲೈನಿಂಗಿನ ಪ್ಲೇಟನ್ನು ಕಟ್ಟಿಕೊಡಿ. ಅದಕ್ಕೆ ಪ್ರತಿಯಾಗಿ ನಾನೂ ನಿಮಗೊಂದು ಉಪಕಾರ ಮಾಡುತ್ತೇನೆ. ನಿಮ್ಮ ಮಗಳು ಇನ್ನೂ ಮನೆಯಲ್ಲೇ ಇದ್ದಾಳೆಂದು ಕೇಳಿದೆ. ನಮ್ಮ ದೂರದ ಸಂಬಂಧಿಯೊಬ್ಬರ ಹೆಂಡತಿ ತೀರಿಕೊಂಡಿದ್ದಾರೆ, ಅವರ ವಯಸ್ಸು ಐವತ್ತರ ಒಳಗೆ. ಹುಡುಗಿಗೆ ರೋಗವಿದ್ದರೂ ಪರವಾಗಿಲ್ಲ ಎನ್ನುವಷ್ಟು ಒಳ್ಳೆಯವರು. ನಾನು ಹೇಳಿದರೆ ಒಪ್ಪುತ್ತಾರೆ.

ಉಮಾಶಂಕರ್


ಅರಸೀಕೆರೆ
10 ಜನವರಿ 2025

ಉಮಾಶಂಕರ್,

ನಾನು ಮೇಘಶ್ರೀ. ಇಲ್ಲಿಯ ತನಕ ನಿಮಗೆ ಬಂದ ಕಾಗದಗಳನ್ನೆಲ್ಲ ಬರೆದದ್ದು ನಾನು. ಫೋನಿನಲ್ಲಿ ಮಾತಾಡಿದ ಹೆಂಗಸು ನಾನು. ನಿಮ್ಮ ಪ್ಲೇಟು ಕಟ್ಟಿದ್ದು ನಾನು. ಮುಖದ ಬಟ್ಟೆ ಕಳಚಿ ಮೂರು ಮಾರು ದೂರದಲ್ಲಿ ನಿಂತು ಅಪ್ಪ ಮಲಗಿದ್ದಾರೆಂದವಳೂ ನಾನೇ. ನೀವು ನನ್ನ ಮುಖ ನೋಡಿಕೊಂಡೇ ಕೇಳಿದಿರಿ, ‘ಏನಮ್ಮಾ, ಯಜಮಾನ್ರು ಯಾವಾಗ ಏಳ್ತಾರೆ?’ ಎಂಟು ವರ್ಷ ನನ್ನ ಬಾಳನ್ನು ತಿಂದವರಿಗೆ ನನ್ನ ಮುಖದ ಗುರುತೂ ಇರಲಿಲ್ಲ.

ಅಪ್ಪ ಏಳುವುದಿಲ್ಲ. ನಾಲ್ಕು ವರ್ಷದ ಹಿಂದೆ ಲಕ್ವ ಹೊಡೆದು ಬಲಗೈ, ಬಲಗಾಲು, ಮಾತು ಮೂರೂ ಹೋದವು. ಕಿವಿ ಚುರುಕಾಗಿಯೇ ಇದೆ. ನಿಮ್ಮ ಆಗಸ್ಟಿನ ಕಾಗದವನ್ನು ಪೂರ್ತಿ ಓದಿ ಹೇಳಿದೆ. ‘ನೀವೂ ನಕ್ಕಿರಿ’ ಎನ್ನುವಲ್ಲಿಗೆ ಬಂದಾಗ ಎಡಗೈಯಿಂದ ಹಾಸಿಗೆಯನ್ನು ಗುದ್ದತೊಡಗಿದರು. ನಾನು ನಿಲ್ಲಿಸಲಿಲ್ಲ, ಕೊನೆಯ ತನಕ ಓದಿದೆ. ನಾನೊಬ್ಬಳೇ ಯಾಕೆ ಹೊರಬೇಕು ಎನಿಸಿತು. ಈಗ ಅದಕ್ಕೆ ನಾಚಿಕೆಯಾಗುತ್ತದೆ, ಆದರೆ ಅವತ್ತು ಆಗಲಿಲ್ಲ.

ನಿಮ್ಮ ಮಾತು ಬಾಣಾವರದ ತನಕ ಮಾತ್ರ ಹೋಯಿತೆಂದು ತಿಳಿದಿದ್ದೀರಿ. ಅದು ಕಡೂರು, ಚಿಕ್ಕಮಗಳೂರು, ಹಾಸನ ಎಲ್ಲ ಕಡೆ ಹೋಯಿತು. ನನ್ನನ್ನು ನೋಡಲು ಬರಬೇಕಿದ್ದ ಐದು ಗಂಡುಗಳು ಅರ್ಧ ದಾರಿಯಿಂದ ವಾಪಸ್ಸು ಹೋದವು. ಹಾಸನದಲ್ಲಿ ತಲೆಯ ಸ್ಕ್ಯಾನ್ ಮಾಡಿಸಿ ಏನೂ ಇಲ್ಲವೆಂದು ಬರೆಸಿಕೊಂಡು ಬಂದರೆ, ‘ಏನೂ ಇಲ್ದಿದ್ರೆ ಸ್ಕ್ಯಾನ್ ಯಾಕ್ ಮಾಡುಸ್ತಾರೆ?’ ಎಂದರು. ಮಾಲೇಕಲ್ಲು ತಿರುಪತಿಯ ಬೆಟ್ಟ ಹತ್ತುವಾಗ ಬಿಸಿಲಿಗೆ ಒಂದು ಕ್ಷಣ ಕಲ್ಲಿನ ಮೇಲೆ ಕೂತೆ. ಯಾರೋ ಹೆಂಗಸು ಓಡಿಬಂದು ನನ್ನ ಅಂಗೈಗೆ ಬೀಗದ ಕೈ ತುರುಕಿ ಬೆರಳು ಮಡಚಿದಳು. ಮೂರ್ಛೆ ಬಂದವರ ಕೈಗೆ ಕಬ್ಬಿಣ ಕೊಡಬೇಕಲ್ಲ. ದಿನವಿಡೀ ಕಬ್ಬಿಣ ಹಿಡಿದೇ ಅನ್ನ ತಿನ್ನುವವಳು ನಾನು. ಅವತ್ತು ಕಲ್ಲಿನ ಮೇಲೆ ಕೂತು ಅತ್ತೆ.

ಅಂದು ನಾನು ಆ ಮಾತು ಯಾಕೆ ಹೇಳಿದೆ ಎನ್ನುವುದನ್ನು ನೀವು ಕೇಳಲೇ ಇಲ್ಲ. ನೀವು ನನಗೆ ಇಷ್ಟವಾಗಿದ್ದಿರಿ. ದಾರಿಯಲ್ಲಿ ಗಾಡಿ ನಿಂತು ನಿಮಗೆ ತೊಂದರೆಯಾಗಬಾರದೆಂದು ಹೇಳಿದೆ. ಬೇರೆ ಹುಡುಗಿಯರಾಗಿದ್ದರೆ ಹಾಡು ಹೇಳುತ್ತಿದ್ದರು. ನನಗೆ ಬರುತ್ತಿದ್ದದ್ದು ಅದೊಂದೇ.

ನಿಮ್ಮ ಪ್ಲೇಟಿನಲ್ಲಿ ದೋಷವಿಲ್ಲ. ನೀವು ಬರೆದುಕೊಟ್ಟದ್ದನ್ನೇ ಕಟ್ಟಿದೆ. ಜುಲೈನಲ್ಲಿ ಬರೆದದ್ದನ್ನೇ ಇನ್ನೊಂದು ಸಲ ಗಟ್ಟಿಯಾಗಿ ಹೇಳಬೇಕೆಂದು ಕಾಗದ ಪೆನ್ನು ಹಿಡಿದು ಕೂತಿದ್ದೆ. ಅಷ್ಟರಲ್ಲಿ ನಿಮ್ಮ ಆಗಸ್ಟಿನ ಕಾಗದ ಬಂತು. ಪೆನ್ನು ಮುಚ್ಚಿಟ್ಟೆ. ನಾನು ಮಾಡಿದ ಕೇಡು ಇಷ್ಟೇ, ಎರಡನೇ ಸಲ ಹೇಳಲಿಲ್ಲ. ರನ್‌ವೇಗೂ ಬಂದಿದ್ದೆ. ಜನರ ನಡುವೆ ನಿಂತು ಆ ಶಬ್ದ ಕೇಳಿದೆ. ಹಲ್ಲು ಉದುರುವ ಶಬ್ದ ನನಗೆ ಗೊತ್ತು. ಸಂತೋಷವಾಯಿತು.

ಈ ಅಂಗಡಿಯಲ್ಲಿ ನಿಮಗೆ ಇನ್ನು ಪ್ಲೇಟಿಲ್ಲ. ನಿಮ್ಮ ಐವತ್ತರ ಒಳಗಿನ ಒಳ್ಳೆಯವರನ್ನು ನೀವೇ ಇಟ್ಟುಕೊಳ್ಳಿ. ನಿಮ್ಮ ಕಾಗದಗಳೆಲ್ಲ ತಂತಿಯಲ್ಲಿವೆ, ಒಂದು ಮಾತ್ರ ಇಲ್ಲ. ಅದು ಇವತ್ತು ಮಧ್ಯಾಹ್ನದ ಬಸ್ಸಿಗೆ ಹೋಯಿತು.

ಮೇಘಶ್ರೀ


ಅರಸೀಕೆರೆ
10 ಜನವರಿ 2025

ಗೆಂಡೆಹಳ್ಳಿಯ ಶಿವಕುಮಾರ್ ಅವರಿಗೆ ಶರಣು.

ನಿಮ್ಮ ಟ್ರ್ಯಾಕ್ಟರಿನ ಕ್ಲಚ್ ಪ್ಲೇಟು ಸಿದ್ಧವಾಗಿದೆ. ಬಸ್ಸಿನಲ್ಲಿ ಕಳಿಸಿದ್ದೇನೆ. ಮೊದಲ ವಾರ ನೇಗಿಲು ಕಟ್ಟಬೇಡಿ, ಖಾಲಿ ಟ್ರೈಲರು ಎಳೆಸಿ ಪಳಗಿಸಿ.

ಪ್ಲೇಟಿಗೆ ಸುತ್ತಿರುವ ಕಾಗದವನ್ನು ಎಸೆಯಬೇಡಿ. ನಿಮ್ಮ ಭಾವೀ ಅಳಿಯನವರು ಸ್ವಂತ ಕೈಯಲ್ಲಿ ಬರೆದದ್ದು. ಓದಿ ನೋಡಿ, ಮಗಳನ್ನು ಕೊಡುವುದು ಬಿಡುವುದು ನಿಮಗೆ ಸೇರಿದ್ದು.

ಇತಿ,
ಮೇಘಶ್ರೀ, ರೇವಣಸಿದ್ದಪ್ಪನವರ ಮಗಳು


ಗೆಂಡೆಹಳ್ಳಿ
16 ಮಾರ್ಚ್ 2025

ಮೇಘಶ್ರೀ ಅಕ್ಕನವರಿಗೆ,

ನಾನು ಹೇಮಾಶ್ರೀ, ಶಿವಕುಮಾರ್ ಅವರ ಮಗಳು. ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಿಲ್ಲ.

ನೀವು ಕಳಿಸಿದ ಪೆಟ್ಟಿಗೆಯನ್ನು ಅಪ್ಪ ಅಂಗಳದಲ್ಲಿ ಬಿಚ್ಚಿದರು. ಅವರ ಕನ್ನಡಕ ಕೈಗೆ ಸಿಗಲಿಲ್ಲ. ‘ಏನೋ ಬರ್ದವ್ರೆ, ಓದವ್ವಾ’ ಎಂದು ನನ್ನ ಕೈಗೆ ಕೊಟ್ಟರು. ಅಮ್ಮ, ಚಿಕ್ಕಪ್ಪಂದಿರು, ಲಗ್ನಪತ್ರಿಕೆಗೆ ಅರಿಶಿನ ಹಚ್ಚಲು ಬಂದಿದ್ದ ನೆರೆಯವರು ಎಲ್ಲರೂ ಇದ್ದರು. ಕೊನೆಯಲ್ಲಿ ಉಮಾಶಂಕರ್ ಹೆಸರು ಕಂಡು ನನಗೆ ನಾಚಿಕೆಯಾಗಿ ನಗುತ್ತಲೇ ಓದಲು ಶುರುಮಾಡಿದೆ. ನಡುವೆ ತಂತಿ ಚುಚ್ಚಿದ ತೂತಿತ್ತು. ಆ ತೂತಿನ ತನಕ ನಗುತ್ತಲೇ ಓದಿದೆ.

ಅವತ್ತೇ ಮದುವೆ ಮುರಿಯಿತು. ಅದಕ್ಕೆ ನನಗೆ ದುಃಖವಿಲ್ಲ. ಅಂಥವನ ಕೈಯಿಂದ ತಪ್ಪಿಸಿದಿರೆಂದು ಮೊದಲ ವಾರ ಅರಸೀಕೆರೆಯ ದಿಕ್ಕಿಗೆ ಕೈ ಮುಗಿದಿದ್ದೇನೆ. ಹುಲಿಕೆರೆಗೆ ಹೋದ ದಿನ ಗಾಡಿ ಯಾಕೆ ಹೀಗೆ ಜಗ್ಗುತ್ತದೆಂದು ಕೇಳಬೇಕೆನಿಸಿತ್ತು. ಅಮ್ಮ ‘ಬಾಯ್ ಮುಚ್ಕೊಂಡಿರು, ಮದ್ವೆ ಆಗೋ ತಂಕ ಏನೂ ಕೇಳ್ಬೇಡ’ ಎಂದಿದ್ದಳು. ಕೇಳಿದ್ದರೆ ಅವನೇ ಬಿಟ್ಟುಬಿಡುತ್ತಿದ್ದನೋ ಏನೋ.

ಎರಡನೇ ವಾರ ಬೇಲೂರಿನಿಂದ ಮಾತು ಬಂತು. ಹುಡುಗಿಗೆ ಮೂರ್ಛೆರೋಗ ಇರುವುದು ಗೊತ್ತಾಗಿ ಗಂಡಿನ ಕಡೆಯವರೇ ಬಿಟ್ಟರಂತೆ. ಹುಲಿಕೆರೆಯ ಕೊಳದ ಮೆಟ್ಟಿಲ ಮೇಲೆ ನನ್ನ ಕೈ ಸೆಟೆದುಕೊಂಡಿತಂತೆ, ಕಣ್ಣುಗುಡ್ಡೆ ಮೇಲೆ ಹೋಯಿತಂತೆ. ಹಣೆಯ ಮೇಲೆ ಗಾಯವಿದೆಯಲ್ಲ, ಬಿದ್ದದ್ದಕ್ಕೆ ಗುರುತು ಎನ್ನುತ್ತಾರೆ. ಅದು ಆ ಗಾಡಿ ಜಗ್ಗಿದಾಗ ಆದ ಗಾಯ. ನೀವು ಕಟ್ಟಿದ ಪ್ಲೇಟಿನಿಂದ ಆದದ್ದು.

ಆ ಕಾಗದವನ್ನು ತೋರಿಸಿ ನಿಜ ಹೇಳೋಣವೆಂದರೆ ಅಪ್ಪ ಅವತ್ತೇ ಸಿಟ್ಟಿನಲ್ಲಿ ಒಲೆಗೆ ಹಾಕಿದ್ದರು. ಹೋದ ತಿಂಗಳು ಶಾಲೆಯವರು ನನ್ನನ್ನು ಕರೆದು, ‘ಮಕ್ಕಳ ಎದುರಿಗೆ ಏನಾದ್ರೂ ಆದ್ರೆ ಕಷ್ಟ ಅಲ್ವೇನಮ್ಮಾ’ ಎಂದು ಕೆಲಸ ಬಿಡಿಸಿದರು. ನನ್ನ ತರಗತಿಯಲ್ಲಿ ಇಪ್ಪತ್ತೆರಡು ಮಕ್ಕಳಿದ್ದವು. ಸಾಮಾನು ತರಲು ಹೋದಾಗ ಒಂದು ಮಗು ನನ್ನ ಸೆರಗು ಹಿಡಿಯಲು ಬಂತು. ಅದರ ತಾಯಿ ಹಿಂದಕ್ಕೆ ಎಳೆದುಕೊಂಡಳು.

ಅಕ್ಕ, ಆ ಕಾಗದ ನಿಮ್ಮ ಹೆಸರನ್ನು ತೊಳೆದುಕೊಳ್ಳಲು ಸಾಕಾಗಿತ್ತು. ಮಠದಲ್ಲಿ ಹತ್ತು ಜನರ ಮುಂದೆ ಓದಿಸಬಹುದಿತ್ತು. ಅವನ ಸೋದರಮಾವನಿಗೇ ಕಳಿಸಬಹುದಿತ್ತು. ಪೆಟ್ಟಿಗೆಗೆ ಹಾಕುವ ಮುಂಚೆ ನನಗೊಂದು ಸಾಲು ಬರೆದಿದ್ದರೆ ನಾನೇ ಬಂದು ನಿಮ್ಮ ಪಕ್ಕ ನಿಲ್ಲುತ್ತಿದ್ದೆ. ನೀವು ನಮ್ಮ ಅಂಗಳದಲ್ಲಿ ಓದಿಸಿದಿರಿ. ಅವನನ್ನು ಹೊಡೆಯಲು ಕೈಗೆ ಸಿಕ್ಕ ಕೋಲು ನಾನು.

ಮೊನ್ನೆ ಒಂದು ಮದುವೆಯ ಊಟಕ್ಕೆ ಕೂತಿದ್ದೆ. ಖಾರಕ್ಕೆ ಬಿಕ್ಕಳಿಕೆ ಬಂತು. ಪಕ್ಕದ ಎಲೆಯ ಹೆಂಗಸು ಸೊಂಟದಿಂದ ಬೀಗದ ಕೈ ಕಿತ್ತು ನನ್ನ ಎಂಜಲು ಕೈಗೆ ತುರುಕಿ, ಬೆರಳುಗಳನ್ನು ಮಡಚಿ ಹಿಡಿದುಕೊಂಡಳು. ಸಾಲಿಗೆ ಸಾಲೇ ಊಟ ಬಿಟ್ಟು ನೋಡಿತು. ಆ ಬೀಗದ ಕೈಯನ್ನು ನಾನು ವಾಪಸ್ಸು ಕೊಡಲಿಲ್ಲ. ಈ ಕಾಗದದ ಜೊತೆ ಇಟ್ಟಿದ್ದೇನೆ, ನೀವೇ ಇಟ್ಟುಕೊಳ್ಳಿ.

ನಿಮ್ಮ ಅಂಗಡಿಯ ನಿಯಮದಂತೆ ದೋಷವನ್ನು ಸ್ವಂತ ಕೈಯಲ್ಲಿ ಬರೆದು ಸಹಿ ಹಾಕಿದ್ದೇನೆ. ತಂತಿಗೆ ಚುಚ್ಚಿಡಿ. ಮದುವೆ ಮುರಿದರೆ ಅವರು ನನ್ನ ಮೇಲೆ ಏನು ಹೊರಿಸುತ್ತಾರೆಂದು ನಮ್ಮ ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ. ನಿಮಗೆ ಗೊತ್ತಿತ್ತು. ನಿಮಗೆ ಅವನು ಬರೆದೇ ಕೊಟ್ಟಿದ್ದ.

ಹೇಮಾಶ್ರೀ